ಕೊಡೆ ಅಂಗಡಿಯ ನಿಗಾ

ಮಡಂತ್ಯಾರು
8 ಜನವರಿ 2025

ಪ್ರಿಯ ರವೂಫ,

ಆಶೀರ್ವಾದಗಳು. ಇನ್‌ಲ್ಯಾಂಡ್ ಪತ್ರ ಕಂಡು ಪ್ರೇಮಾವತಿ ಟೀಚರಿಗೆ ಏನೋ ಆಯಿತೆಂದು ಗಾಬರಿಯಾಗಬೇಡ. ನಾನು ಗುಂಡುಕಲ್ಲಿನ ಹಾಗಿದ್ದೇನೆ. ನಿನ್ನಿಂದ ಒಂದು ಗುಟ್ಟಿನ ಕೆಲಸ ಆಗಬೇಕಾಗಿದೆ, ಅದಕ್ಕೇ ಈ ಕಾಗದ.

ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀಯಾ? ನನ್ನ ಫೋನು ಹೆಸರಿಗೆ ಮಾತ್ರ ನನ್ನದು. ಬಂದದ್ದನ್ನು ಓದುವುದು, ಬೇಡದ್ದನ್ನು ಅಳಿಸುವುದು ಎಲ್ಲ ನನ್ನ ತಂಗಿಯ ಮಗಳು ಭವ್ಯಶ್ರೀಯ ಕೆಲಸ. ವಿಷಯ ಅವಳದ್ದೇ ಆದ್ದರಿಂದ ಅವಳ ಕಣ್ಣಿಗೆ ಬೀಳಬಾರದು. ಟಪಾಲು ಹನ್ನೊಂದಕ್ಕೆ ಬರುತ್ತದೆ, ಅವಳು ಎಂಟಕ್ಕೇ ಮೂಡುಬಿದಿರೆಯ ಬಸ್ಸು ಹತ್ತಿರುತ್ತಾಳೆ. ಅಲ್ಲಿ ಒಂದು ಲ್ಯಾಬಿನಲ್ಲಿ ಹಗಲೆಲ್ಲ ಊರವರ ರಕ್ತ ಹೀರುತ್ತಾಳೆ, ಸಂಜೆ ಬಂದು ನನ್ನದು.

ತಂಗಿ ತೀರಿಹೋದಾಗ ಅವಳಿಗೆ ಆರು ವರ್ಷ, ಈಗ ಇಪ್ಪತ್ತೆಂಟು. ಕಳೆದ ವರ್ಷ ಒಂದು ಸಂಬಂಧ ನಿಶ್ಚಿತಾರ್ಥದ ಹತ್ತಿರದವರೆಗೆ ಹೋಗಿತ್ತು. ವಿಚಾರಿಸಲು ಹೋದವರು ಹುಡುಗ ಅಪರಂಜಿ ಎಂದರು. ಇನ್ನು ಹತ್ತೇ ದಿನ ಇದೆ ಎನ್ನುವಾಗ, ಆ ಅಪರಂಜಿ ಕುಡಿದು ಬಂದು ಹೆತ್ತ ತಾಯಿಯ ಮೇಲೆ ಕೈ ಮಾಡುತ್ತದೆ ಎಂದು ತಿಳಿಯಿತು. ಭವ್ಯ ಒಂದು ತಿಂಗಳು ಸರಿಯಾಗಿ ಉಣ್ಣಲಿಲ್ಲ. ಇನ್ನೊಮ್ಮೆ ಹಾಗಾದರೆ ಅವಳು ಮದುವೆಯ ಮಾತಿಗೇ ಬಾಗಿಲು ಹಾಕುತ್ತಾಳೆ.

ಈಗ ಬ್ರೋಕರ್ ಡೊಂಬಯ್ಯ ಇನ್ನೊಂದು ತಂದಿದ್ದಾನೆ. ಹುಡುಗನ ಹೆಸರು ದಯಾನಂದ, ಮೆಲ್ಕಾರಿನಲ್ಲಿ ನಿನ್ನ ಕೊಡೆ ಅಂಗಡಿಯ ಎದುರಿಗೇ ಮೋಟಾರ್ ವೈಂಡಿಂಗ್ ಅಂಗಡಿ. ತಾಯಿಯ ಜೊತೆ ಬಂದು ನಾಲ್ಕು ಗೋಳಿಬಜೆ ತಿಂದು ಮೂರು ಮಾತಾಡಿ ಹೋದ. ಹೇಗೆ ಎಂದು ಕೇಳಿದರೆ ಭವ್ಯ ‘ಆಗಬಹುದು’ ಎಂದಳು. ಏಳು ಜನರನ್ನು ನೋಡಿ, ಆ ಅಪರಂಜಿಗೂ ‘ನಿಮ್ಮಿಷ್ಟ’ ಎಂದಷ್ಟೇ ಹೇಳಿದವಳ ಬಾಯಿಂದ ಆ ಮಾತು ಬಂದದ್ದು ಇದೇ ಮೊದಲು. ನನಗೆ ಭಯವಾದದ್ದು ಅದಕ್ಕೇ.

ನೀನು ಸ್ವಲ್ಪ ದಿನ ಅವನ ಮೇಲೆ ನಿಗಾ ಇಡು. ಕಂಡದ್ದನ್ನು ಬರೆ. ನಮ್ಮ ಕಡೆಯ ಕ್ರಮ ನಿನಗೆ ಗೊತ್ತೇ ಇದೆ. ಸಂಬಂಧದ ವಿಷಯದಲ್ಲಿ ಯಾರೂ ಇನ್ನೊಬ್ಬರ ಮನೆಯ ಹುಡುಗನನ್ನು ಬಾಯಿಬಿಟ್ಟು ಹಾಳು ಎನ್ನುವುದಿಲ್ಲ, ಸುಮ್ಮನಾಗುತ್ತಾರೆ. ನಿನಗೂ ಆ ಪಾಪ ಬೇಡ. ಕೆಟ್ಟದ್ದು ಕಂಡರೆ ಬರೆಯಲೇಬೇಡ. ಹದಿನೈದು ದಿನ ಕಾಗದ ಬರದಿದ್ದರೆ ನಾನು ತಿಳಿದುಕೊಳ್ಳುತ್ತೇನೆ.

ಜುಲೈಕಾಳಿಗೆ, ಮಗಳು ರಶೀನಾಳಿಗೆ ನೆನಪು ಹೇಳು.

ನಿನ್ನ ಟೀಚರ್
ಪ್ರೇಮಾವತಿ


ಮೆಲ್ಕಾರ್
15 ಜನವರಿ 2025

ಗೌರವಾನ್ವಿತ ಟೀಚರಿಗೆ,

ನಿಮ್ಮ ವಿದ್ಯಾರ್ಥಿ ಅಬ್ದುಲ್ ರವೂಫ್ ಮಾಡುವ ನಮಸ್ಕಾರಗಳು. ಮೂವತ್ತೆಂಟು ವರ್ಷಗಳ ಮೇಲೆ ನೀವು ನನಗೆ ಹೋಂವರ್ಕ್ ಕೊಟ್ಟಿದ್ದೀರಿ. ಈ ಸಲ ಖಂಡಿತ ಮಾಡುತ್ತೇನೆ.

ನೀವು ಸರಿಯಾದ ತಿಂಗಳನ್ನೇ ಆರಿಸಿದ್ದೀರಿ. ಜನವರಿಯಲ್ಲಿ ಕೊಡೆ ಯಾರಿಗೆ ಬೇಕು? ಈ ವಾರ ಮಾರಿದ್ದು ಎರಡು, ಅದರಲ್ಲಿ ಒಂದು ಫೋಟೋ ತೆಗೆಯುವವರಿಗೆ. ಹಾಗಾಗಿ ಬೆಳಿಗ್ಗೆಯಿಂದ ಸಂಜೆಯವರೆಗೆ ಕುರ್ಚಿಯನ್ನು ಬಾಗಿಲಿಗೆ ಎಳೆದುಕೊಂಡು ಕುಳಿತಿರುತ್ತೇನೆ. ಎದುರಿನವನಿಗೆ ಮಾತ್ರ ಉಸಿರಾಡಲು ಪುರುಸೊತ್ತಿಲ್ಲ. ತೋಟಗಳಿಗೆ ನೀರು ಬಿಡುವ ಕಾಲ, ಸುಟ್ಟ ಪಂಪುಗಳು ಜೀಪಿನಲ್ಲಿ, ರಿಕ್ಷಾದಲ್ಲಿ, ಒಮ್ಮೆ ಸ್ಕೂಟರಿನ ಹಿಂದೆ ಸೀರೆಯಲ್ಲಿ ಕಟ್ಟಿಕೊಂಡೂ ಬಂದವು.

ಇಲ್ಲಿಯವರೆಗೆ ಕಂಡದ್ದು ಇಷ್ಟು. ಎಂಟೂವರೆಗೆ ಶಟರ್ ತೆಗೆಯುತ್ತಾನೆ. ಮೊದಲು ಅಂಗಳ ಗುಡಿಸುತ್ತಾನೆ, ತನ್ನದನ್ನು ಮಾತ್ರವಲ್ಲ, ಪಕ್ಕದ ಅಂಗಡಿಯ ಎದುರಿನದ್ದನ್ನೂ. ಸಿಗರೇಟು ಇಲ್ಲ, ಗುಟ್ಕಾ ಇಲ್ಲ. ಕೈ ಮಾತ್ರ ಸದಾ ಕಪ್ಪು. ತಾಮ್ರದ ತಂತಿ ಸುತ್ತುವಾಗ ಮನಸ್ಸಿನಲ್ಲೇ ಸುತ್ತು ಎಣಿಸುತ್ತಾನೆ, ಆ ಹೊತ್ತಿಗೆ ಯಾರು ಕರೆದರೂ ಒಂದು ಬೆರಳೆತ್ತಿ ‘ನಿಲ್ಲಿ’ ಎನ್ನುತ್ತಾನೆ. ಪಂಚಾಯತ್ ಅಧ್ಯಕ್ಷರಿಗೂ ಅದೇ ಬೆರಳು. ನೀವು ಪಾಠ ಮಾಡುವಾಗ ಹೆಡ್‌ಮಾಸ್ಟರ್ ಬಂದರೂ ಹೀಗೆಯೇ ನಿಲ್ಲಿಸುತ್ತಿದ್ದಿರಿ.

ನನಗೊಂದು ಸಂಶಯ ಟೀಚರ್. ‘ನಿಗಾ’ ಎಂದು ಬರೆದಿದ್ದೀರಿ. ಸೌದಿಯ ದಮ್ಮಾಮಿನಲ್ಲಿ ನಾನು ಗೋದಾಮಿನಲ್ಲಿದ್ದಾಗ ನಮ್ಮ ಸೂಪರ್‌ವೈಸರ್ ಪೇಶಾವರದವನು. ದಿನಕ್ಕೆ ಹತ್ತು ಸಲ ‘ನಿಗಾಹ್ ರಖೋ’ ಎನ್ನುತ್ತಿದ್ದ. ಮೊದಲ ದಿನ ಕೇಳಿದಾಗ ನನಗೆ ನೀವೇ ನೆನಪಾದಿರಿ. ಪರೀಕ್ಷೆಯ ಹಾಲ್‌ನಲ್ಲಿ ನೀವು ‘ನನ್ನ ನಿಗಾ ಇದೆ’ ಎನ್ನುತ್ತಿದ್ದಿರಲ್ಲ! ಅದು ನಾವು ಅವರಿಗೆ ಕೊಟ್ಟ ಪದವೋ, ಅವರು ನಮಗೆ ಕೊಟ್ಟದ್ದೋ? ಇನ್ನೊಂದು ಸಂಗತಿ. ಹೀಗೆ ಕುಳಿತು ನೋಡುವಾಗ ನನಗೆ ಸ್ವಲ್ಪ ನಾಚಿಕೆಯಾಗುತ್ತದೆ. ಇದು ನಿಗಾವೋ, ಹೊಂಚೋ?

ಎದೆಯಲ್ಲಿ ಸ್ವಲ್ಪ ಗ್ಯಾಸ್ ಕಟ್ಟಿದ ಹಾಗಿದೆ, ಕುಳಿತೇ ಇರುವುದರಿಂದ ಇರಬೇಕು. ಮುಂದಿನ ವಾರ ಮತ್ತೆ ಬರೆಯುತ್ತೇನೆ.

ನಿಮ್ಮ
ರವೂಫ್


ಮಡಂತ್ಯಾರು
20 ಜನವರಿ 2025

ಪ್ರಿಯ ರವೂಫ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಒಂದೇ ಒಂದು ಕಾಗುಣಿತದ ತಪ್ಪು. ಎಂಟನೇ ತರಗತಿಯಲ್ಲಿ ಹೀಗೆ ಬರೆದಿದ್ದರೆ ನಿನ್ನ ಕಿವಿ ಇಷ್ಟು ಉದ್ದ ಆಗುತ್ತಿರಲಿಲ್ಲ.

ನಿನ್ನ ಸಂಶಯ ಕೇಳಿ ನನಗೆ ನಿವೃತ್ತಿಯೇ ಮರೆತುಹೋಯಿತು. ನಿಘಂಟು ಕೆಳಗಿಳಿಸಿ ಧೂಳು ಕೊಡವಿದೆ. ನಿನ್ನ ಪೇಶಾವರದವನದ್ದೇ ಸರಿ. ಪದ ಹುಟ್ಟಿದ್ದು ಪರ್ಷಿಯನ್ ಭಾಷೆಯಲ್ಲಿ; ನಿಗಾಹ್ ಎಂದರೆ ನೋಟ. ಅರ್ಜಿ, ದಾಖಲೆ, ಜಮೀನು ಎಲ್ಲ ಯಾವ ಕಚೇರಿ ಬಾಗಿಲಿನಿಂದ ಕನ್ನಡಕ್ಕೆ ಬಂದವೋ ಅದೇ ಬಾಗಿಲಿನಿಂದ ಇದೂ ಬಂತು. ಅವರು ‘ರಖೋ’ ಎಂದದ್ದನ್ನು ನಾವು ‘ಇಡು’ ಎಂದುಕೊಂಡೆವು. ನೋಟವನ್ನು ತೆಗೆದುಕೊಂಡು ಹೋಗಿ ಒಬ್ಬರ ಬಳಿ ಇಟ್ಟು ಬರುವುದು, ನೀರಿನ ಕೊಡ ಇಟ್ಟ ಹಾಗೆ. ಆ ಭಾಷೆಯಲ್ಲಿ ಅದಕ್ಕೆ ಇನ್ನೊಂದು ಕ್ರಿಯಾಪದ ಸೇರಿಸಿದರೆ ಕಾಪಾಡುವುದು ಎಂದೇ ಅರ್ಥವಂತೆ.

ಆದ್ದರಿಂದ ನಾಚಿಕೆಪಡಬೇಡ. ಹೊಂಚು ಹಾಕುವವನಿಗೆ ಬೇಟೆ ಬೇಕು. ದಿಟ್ಟಿಸುವವನಿಗೆ ಚಪಲ. ನಿಗಾ ಇಡುವವನಿಗೆ ಬೇಕಾದದ್ದು ಒಬ್ಬರ ಕ್ಷೇಮ, ಇಲ್ಲಿ ನನ್ನ ಭವ್ಯಳ ಕ್ಷೇಮ. ಮಗು ಅಂಗಳದಲ್ಲಿ ಆಡುವಾಗ ನಮ್ಮವರು ತುಳುವಿನಲ್ಲಿ ‘ಒಂತೆ ತೂವೊನ್ಲೆ’ ಎನ್ನುವುದಿಲ್ಲವೇ, ಸ್ವಲ್ಪ ನೋಡಿಕೊಳ್ಳಿ ಎಂದು? ಅದೇ ಇದು.

ಪಾಠ ಮುಗಿಯಿತು. ಗುಡಿಸುವುದು, ಎಣಿಸುವುದು ಎಲ್ಲ ಒಳ್ಳೆಯದೇ, ಆದರೆ ಆ ಅಪರಂಜಿಯೂ ಹಗಲಿನಲ್ಲಿ ಚೆನ್ನಾಗಿಯೇ ಗುಡಿಸುತ್ತಿತ್ತು. ನನಗೆ ಬೇಕಾದದ್ದು ಬೇರೆ. ಸಿಟ್ಟು ಬಂದಾಗ ಅವನು ಏನು ಮಾಡುತ್ತಾನೆ? ತನ್ನದೇ ತಪ್ಪಾದಾಗ ಏನು ಹೇಳುತ್ತಾನೆ? ಅಂಗಡಿಯಿಂದ ಹೊರಗೆ ಎಲ್ಲಿಗೆ ಹೋಗುತ್ತಾನೆ? ಇಷ್ಟಕ್ಕೆ ಉತ್ತರ ಬರೆ.

ಭವ್ಯ ಮೊನ್ನೆ ಸುಮ್ಮನೆ ಎಂಬಂತೆ ‘ದೊಡ್ಡಮ್ಮ, ಮೆಲ್ಕಾರಿನವರ ವಿಷಯ ಎಂತ ಆಯ್ತು?’ ಎಂದು ಕೇಳಿದಳು. ‘ನೋಡುವ’ ಎಂದೆ. ಪಾತ್ರೆ ತೊಳೆಯುವ ಸದ್ದು ಆ ದಿನ ಸ್ವಲ್ಪ ಜೋರಾಗಿತ್ತು.

ನಿನ್ನ ಟೀಚರ್
ಪ್ರೇಮಾವತಿ


ಮೆಲ್ಕಾರ್
29 ಜನವರಿ 2025

ಗೌರವಾನ್ವಿತ ಟೀಚರಿಗೆ,

ನಿಮ್ಮ ಪ್ರಶ್ನೆಪತ್ರಿಕೆ ಕಷ್ಟದ್ದು. ಆದರೂ ಅದೃಷ್ಟಕ್ಕೆ ಶುಕ್ರವಾರವೇ ಒಬ್ಬ ಹೆಂಗಸು ಬಂದು ಅಂಗಡಿಯ ಎದುರು ಕೂಗಾಡಿದರು. ಎರಡು ತಿಂಗಳಲ್ಲಿ ಅವರ ಪಂಪು ಮೂರು ಸಲ ಸುಟ್ಟಿದೆಯಂತೆ. ‘ನಿನಗೆ ಕೆಲಸ ಗೊತ್ತುಂಟಾ? ಬೋರ್ಡು ಮಾತ್ರ ದೊಡ್ಡದು!’ ಎಂದರು. ರಸ್ತೆಯಲ್ಲಿದ್ದವರೆಲ್ಲ ನಿಂತು ನೋಡಿದರು, ನಾನಂತೂ ಮೊದಲೇ ಕುಳಿತಿದ್ದೆ.

ದಯಾನಂದ ಮೋಟಾರನ್ನು ಬಿಚ್ಚಿ ಅರ್ಧ ಗಂಟೆ ನೋಡಿದ. ಆಮೇಲೆ ಹೇಳಿದ: ‘ಅಕ್ಕ, ಮೊದಲ ಎರಡು ಸಲ ನಿಮ್ಮಲ್ಲಿ ವೋಲ್ಟೇಜ್ ಇಲ್ಲದೆ ಸುಟ್ಟದ್ದು. ಈ ಸಲದ್ದು ನನ್ನದೇ ತಪ್ಪು, ಬೇರಿಂಗ್ ಸರಿ ಕೂತಿರಲಿಲ್ಲ. ಇವತ್ತೇ ಮಾಡಿ ನಾನೇ ತಂದು ಇಳಿಸಿ ಕೊಡ್ತೇನೆ.’ ಅಷ್ಟು ಜನರ ಎದುರು ‘ನನ್ನದೇ ತಪ್ಪು’ ಎಂದ ಟೀಚರ್! ಕೂಗಾಡಿದ ಹೆಂಗಸು ನೇರ ನನ್ನಲ್ಲಿಗೆ ಬಂದು ಒಂದು ಕೊಡೆ ಕೊಂಡು ಹೋದರು.

ಈಗ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ನಾನು ಸಿಕ್ಕಿಬಿದ್ದಿದ್ದೇನೆ. ಶನಿವಾರ ಅವನು ಎರಡು ಲೋಟ ಚಹಾ ಹಿಡಿದು ರಸ್ತೆ ದಾಟಿ ಬಂದ. ‘ರವೂಫಾಕ, ನಿಮಗೆ ಬೇಜಾರಾಗ್ತದಾ? ಇಡೀ ದಿನ ಒಂದೇ ಕಡೆ ನೋಡಿಕೊಂಡು ಕೂತ್ಕೊಳ್ತೀರಲ್ಲ’ ಎಂದ. ‘ಇಲ್ಲ ಮಾರಾಯ, ಗಿರಾಕಿಗಳನ್ನು ಕಾಯುವುದು’ ಎಂದೆ. ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ ‘ನೀವು ತುಂಬಾ ಬೆವರ್ತೀರಿ, ಒಮ್ಮೆ ಡಾಕ್ಟರಿಗೆ ತೋರಿಸಿ’ ಎಂದು ಹೋದ. ಅಂದಿನಿಂದ ದಿನವೂ ಚಹಾ ಬರುತ್ತದೆ. ಗೂಢಚಾರನಿಗೆ ಶತ್ರುವಿನ ಮನೆಯಿಂದಲೇ ಚಹಾ.

ಕೊನೆಯ ಪ್ರಶ್ನೆಯಲ್ಲಿ ಮಾತ್ರ ಒಂದು ತೊಡಕಿದೆ. ಬರೆಯಲೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಪ್ರತಿ ಮಂಗಳವಾರ ಮಧ್ಯಾಹ್ನ ಎರಡಕ್ಕೆ ಅವನು ಕೈಯನ್ನು ಸೋಪು ಹಾಕಿ ತಿಕ್ಕಿ ತಿಕ್ಕಿ ತೊಳೆಯುತ್ತಾನೆ, ತಲೆ ಬಾಚುತ್ತಾನೆ, ಬೈಕಿಗೆ ಇನ್ನೊಂದು ಹೆಲ್ಮೆಟ್ ಸಿಕ್ಕಿಸಿ ಮಾಣಿ ಊರಿನ ಕಡೆಗೆ ಹೋಗುತ್ತಾನೆ. ಆರಕ್ಕೆ ವಾಪಸ್. ಎರಡನೆಯ ಹೆಲ್ಮೆಟ್ ಹೊಸದು, ಕೆಂಪು ಬಣ್ಣದ್ದು. ಕೇಳಿದರೆ ‘ಒಂದು ಕೆಲಸ ಉಂಟು’ ಎಂದು ನಗುತ್ತಾನೆ. ಬರುವ ಮಂಗಳವಾರದೊಳಗೆ ಅದು ಯಾರ ತಲೆಗೆ ಎಂದು ತಿಳಿದು ಬರೆಯುತ್ತೇನೆ.

ಎದೆಯ ಗ್ಯಾಸ್ ಇನ್ನೂ ಇದೆ. ಜುಲೈಕಾ ಆಸ್ಪತ್ರೆ ಎನ್ನುತ್ತಾಳೆ, ನಾನು ಸೋಡಾ ಎನ್ನುತ್ತೇನೆ.

ನಿಮ್ಮ
ರವೂಫ್


ಮಡಂತ್ಯಾರು
17 ಫೆಬ್ರವರಿ 2025

ರವೂಫ,

ನೀನು ಬರೆಯದೆ ಬರೆದದ್ದು ತಲುಪಿತು.

ಹದಿನೈದು ದಿನ ಕಾದೆ. ಟಪಾಲು ತಡವಾಗಿರಬಹುದೆಂದು ಇನ್ನೂ ಎರಡು ದಿನ ಕಾದೆ. ಮಂಗಳವಾರ, ಕೆಂಪು ಹೆಲ್ಮೆಟ್, ಆಮೇಲೆ ನಿನ್ನ ಮೌನ. ನನಗೆ ಇನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಹುಡುಗನಿಗೆ ಬೇರೆ ಯಾರೋ ಇದ್ದಾರೆ, ತಾಯಿಯ ಒತ್ತಾಯಕ್ಕೆ ನಮ್ಮ ಮನೆಗೆ ಬಂದು ಗೋಳಿಬಜೆ ತಿಂದಿದ್ದಾನೆ. ದಿನವೂ ಚಹಾ ಕೊಟ್ಟವನ ಬಗ್ಗೆ ಕೆಟ್ಟದ್ದು ಬರೆಯಲು ನಿನಗೆ ಕೈ ಬರಲಿಲ್ಲ. ಅದು ನಿನ್ನ ಒಳ್ಳೆಯತನ, ನಾನು ತಪ್ಪು ತಿಳಿಯುವುದಿಲ್ಲ.

ಶನಿವಾರ ಡೊಂಬಯ್ಯನನ್ನು ಕರೆದು ಈ ಸಂಬಂಧ ಬೇಡವೆಂದು ಹೇಳಿಬಿಟ್ಟೆ. ಕಾರಣ ಕೇಳಿದ, ಜಾತಕ ಎಂದೆ. ಭವ್ಯಳಿಗೂ ಹೇಳಿದೆ. ಅವಳು ‘ಆಯ್ತು’ ಎಂದಳು, ಅಷ್ಟೇ. ಮೂರು ದಿನಗಳಿಂದ ಅವಳು ನನ್ನ ಫೋನನ್ನೂ ಮುಟ್ಟುತ್ತಿಲ್ಲ.

ನೀನು ಪಟ್ಟ ಶ್ರಮಕ್ಕೆ ಕೃತಜ್ಞತೆಗಳು.

ಪ್ರೇಮಾವತಿ


ಮೆಲ್ಕಾರ್
21 ಫೆಬ್ರವರಿ 2025

ಟೀಚರ್, ಟೀಚರ್, ಎಂಥ ಅನ್ಯಾಯವಾಯಿತು!

ನಿಮ್ಮ ಕಾಗದ ಅಂಗಡಿಗೆ ಬಂದಿತ್ತು, ರಶೀನಾ ಇವತ್ತು ಮನೆಗೆ ತಂದಳು. ಓದಿ ಹಾಸಿಗೆಯಿಂದ ಎದ್ದು ಕುಳಿತೆ. ಹೌದು, ಹಾಸಿಗೆ. ಅಕ್ಷರ ಸೊಟ್ಟಗಿದ್ದರೆ ಕ್ಷಮಿಸಿ, ಪೆನ್ನನ್ನು ಜುಲೈಕಾಳಿಗೆ ತಿಳಿಯದ ಹಾಗೆ ಮಗಳಿಂದ ಪಡೆದಿದ್ದೇನೆ.

ಫೆಬ್ರವರಿ ನಾಲ್ಕು, ಮಂಗಳವಾರ. ಎರಡು ಗಂಟೆಗೆ ದಯಾನಂದ ಹೊರಟ. ನಾನು ಅಂಗಡಿಯ ಶಟರ್ ಎಳೆದು ಸ್ಕೂಟರಿನಲ್ಲಿ ಹಿಂದೆಯೇ ಹೊರಟೆ. ಈ ವಯಸ್ಸಿನಲ್ಲಿ ಬೇಕಿತ್ತಾ ಎಂದು ನೀವು ಕೇಳಬಹುದು, ಜುಲೈಕಾ ಈಗಾಗಲೇ ಕೇಳಿದ್ದಾಳೆ. ಮಾಣಿಯಲ್ಲಿ ಅವನು ಒಂದು ಮನೆಯ ಎದುರು ನಿಲ್ಲಿಸಿದ. ಕೆಂಪು ಹೆಲ್ಮೆಟ್ ಹಾಕಿಕೊಂಡು ಹಿಂದೆ ಹತ್ತಿ ಕುಳಿತದ್ದು ಎಪ್ಪತ್ತೈದು ದಾಟಿದ ಒಬ್ಬ ಅಜ್ಜ. ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಇನ್ನೂ ತಿಳಿಯಬೇಕೆಂದು ಒಳರಸ್ತೆಯಲ್ಲೂ ಹಿಂಬಾಲಿಸಿದೆ. ಚಡಾವು ಹತ್ತುವಾಗ, ನಾನು ಇಷ್ಟು ದಿನ ಗ್ಯಾಸ್ ಎಂದುಕೊಂಡದ್ದು ಎದೆಯ ಮೇಲೆ ಕಾಲಿಟ್ಟು ನಿಂತಿತು. ಸ್ಕೂಟರ್ ಒಂದು ಕಡೆ, ನಾನು ಒಂದು ಕಡೆ.

ಕಣ್ಣು ಬಿಟ್ಟಾಗ ದಯಾನಂದನ ಮಡಿಲಲ್ಲಿದ್ದೆ. ಮೆಲ್ಕಾರಿನಿಂದಲೇ ನಾನು ಹಿಂದೆ ಬರುವುದು ಅವನಿಗೆ ಗೊತ್ತಿತ್ತು. ‘ಬೈಕಿನ ಕನ್ನಡಿಯಲ್ಲಿ ನೀವು ಕಾಣದಾದ್ರಿ, ಏನೋ ಆಯ್ತು ಅಂತ ತಿರುಗಿಸಿದೆ’ ಎಂದ. ದಾರಿಯಲ್ಲಿ ಹೋಗುವ ಪಿಕಪ್ ನಿಲ್ಲಿಸಿ, ಅಜ್ಜನನ್ನು ಮುಂದೆ ಕೂರಿಸಿ, ನನ್ನನ್ನು ಹಿಡಿದುಕೊಂಡು ಮಂಗಳೂರಿಗೆ ಕರೆದುಕೊಂಡು ಹೋದ. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರ್. ಐದು ದಿನ ಆಸ್ಪತ್ರೆಯಲ್ಲಿದ್ದೆ, ಎದೆಯೊಳಗೆ ಈಗ ಒಂದು ಸಣ್ಣ ಸ್ಪ್ರಿಂಗ್ ಇದೆ. ಮಲಗಿದ್ದ ಕೋಣೆಯ ಬಾಗಿಲಲ್ಲಿ ಕನ್ನಡದಲ್ಲಿ ‘ತೀವ್ರ ನಿಗಾ ಘಟಕ’ ಎಂದು ಬರೆದಿತ್ತು. ನಿಮ್ಮ ಪಾಠ ಅಲ್ಲಿಗೂ ಬಂದಿದೆಯಲ್ಲ ಎಂದು ನಕ್ಕೆ. ನರ್ಸ್ ಬಂದು ನಗಬಾರದು ಎಂದಳು.

ಆ ಅಜ್ಜ ಹುಕ್ರಪ್ಪ, ದಯಾನಂದನಿಗೆ ವೈಂಡಿಂಗ್ ಕಲಿಸಿದ ಗುರು. ಸಕ್ಕರೆ ಕಾಯಿಲೆಯಿಂದ ನಾಲ್ಕು ವರ್ಷಗಳ ಹಿಂದೆ ಕಣ್ಣು ಹೋಯಿತು. ಆದರೆ ಓಡುವ ಮೋಟಾರಿನ ಸದ್ದು ಕೇಳಿ, ಎಲ್ಲಿ ಏನು ಕೆಟ್ಟಿದೆ ಎಂದು ಹೇಳುತ್ತಾರಂತೆ. ಮನೆಯಲ್ಲಿ ಕುಳಿತು ಅವರು ಕುಗ್ಗುವುದನ್ನು ನೋಡಲಾಗದೆ ಇವನು ವಾರಕ್ಕೊಮ್ಮೆ ಊರೂರಿನ ಪಂಪ್‌ಶೆಡ್‌ಗಳಿಗೆ ಕರೆದುಕೊಂಡು ಹೋಗುತ್ತಾನೆ. ಗುರುವಿನ ಮನೆಗೆ ಕಪ್ಪು ಕೈಯಲ್ಲಿ ಹೋಗಬಾರದೆಂದು ಆ ಸೋಪು. ಹೆಲ್ಮೆಟ್ ಕೆಂಪಾಗಿದ್ದದ್ದು ಏಕೆಂದರೆ ಅಂಗಡಿಯಲ್ಲಿ ಉಳಿದದ್ದು ಅದೊಂದೇ ಬಣ್ಣ.

ನಾನು ಯಾಕೆ ಹಿಂಬಾಲಿಸಿದೆ ಎಂದು ಅವನು ಇವತ್ತಿನವರೆಗೆ ಕೇಳಿಲ್ಲ. ನಾನೂ ಹೇಳಿಲ್ಲ. ಹದಿನೈದು ದಿನದ ಗಡುವು ನನಗೆ ಮರೆತೇ ಹೋಗಿತ್ತು, ಅದು ನನ್ನ ದೊಡ್ಡ ಅಪರಾಧ. ಟೀಚರ್, ಹೇಗಾದರೂ ಮಾಡಿ ಡೊಂಬಯ್ಯನನ್ನು ಮತ್ತೆ ಅವರ ಮನೆಗೆ ಕಳಿಸಿ.

ನಿಮ್ಮ
ರವೂಫ್


ಮಡಂತ್ಯಾರು
26 ಫೆಬ್ರವರಿ 2025

ಪ್ರೀತಿಯ ರವೂಫ,

ಮೊದಲು ನನ್ನನ್ನು ಕ್ಷಮಿಸು. ಎರಡು ಕಾಗದದಲ್ಲಿ ನೀನು ಎದೆ ಎಂದು ಬರೆದಿದ್ದೆ, ಎರಡು ಸಲವೂ ನಾನು ಅದನ್ನು ದಾಟಿ ಹೋದೆ. ನಿನ್ನ ಒಂದು ಕಾಗುಣಿತದ ತಪ್ಪು ಕಂಡ ಕಣ್ಣಿಗೆ ನಿನ್ನ ನೋವು ಕಾಣಲಿಲ್ಲ. ಬೆವರು ಕಂಡದ್ದು ಆ ಹುಡುಗನಿಗೆ. ನಾನು ನಿಗಾ ಎಂಬ ಪದದ ಮೇಲೆ ಒಂದು ಪುಟ ಪಾಠ ಮಾಡಿದೆ.

ನಿನ್ನ ಕಾಗದ ಬಂದ ದಿನವೇ ಡೊಂಬಯ್ಯನನ್ನು ಕರೆಸಿದೆ. ‘ಒಮ್ಮೆ ಬೇಡ ಅಂದ ಮನೆಗೆ ಪುನಃ ಹೇಗೆ ಹೋಗುದು ಟೀಚರೇ? ನನ್ನ ಮರ್ಯಾದೆ ಪ್ರಶ್ನೆ’ ಎಂದ. ಹುಡುಗನ ತಾಯಿಗೆ ಬಹಳ ಬೇಸರವಾಗಿದೆಯಂತೆ. ಜಾತಕ ನಮ್ಮ ನೆಪ ಎಂದು ಅವರಿಗೆ ಗೊತ್ತಾಗಿದೆ, ಅವರೂ ಜೋಯಿಸರಲ್ಲಿ ತೋರಿಸಿದ್ದರು. ಬೇರೆ ಕಡೆ ಹೆಣ್ಣು ನೋಡಲು ಹೊರಟಿದ್ದಾರಂತೆ.

ಭವ್ಯಳಿಗೆ ಎಲ್ಲವನ್ನೂ ಹೇಳಿದೆ. ನಿನ್ನ ಕಾಗದಗಳನ್ನೂ ಕೊಟ್ಟೆ. ಓದಿ ಮುಗಿಸಿ ಅವಳು ಹೇಳಿದ ಮಾತು ಇದು: ‘ದೊಡ್ಡಮ್ಮ, ನೀವು ಮೆಲ್ಕಾರನ್ನೆಲ್ಲ ಕೇಳಿದ್ರಿ. ನನ್ನನ್ನು ಮಾತ್ರ ಕೇಳ್ಲಿಲ್ಲ. ಅವತ್ತು ಅವರು ನನ್ನ ಹತ್ರ ಎಂತ ಮಾತಾಡಿದ್ರು ಅಂತ ಒಮ್ಮೆ ಆದ್ರೂ ಕೇಳಿದ್ರಾ?’ ನಾನು ಕೇಳಿರಲಿಲ್ಲ. ಮೂರೇ ಮಾತು ಎಂದು ಲೆಕ್ಕ ಹಾಕಿದ್ದೆನೇ ಹೊರತು ಆ ಮಾತು ಯಾವುದೆಂದು ಕೇಳಿರಲಿಲ್ಲ. ‘ನಿಮಗೆ ಈ ಮದುವೆ ಇಷ್ಟ ಉಂಟಾ? ಒತ್ತಾಯ ಉಂಟಾ? ಇಷ್ಟ ಇಲ್ಲ ಅಂತಾದ್ರೆ ಹೇಳಿ, ನಾನೇ ಬೇಡ ಅಂತೇನೆ, ನಿಮಗೆ ಬೈಗುಳ ಬೇಡ.’ ಅವನು ಹೇಳಿದ್ದು ಅಷ್ಟು.

ಇನ್ನು ಯಾರಿಗೂ ಹೇಳದ್ದನ್ನು ನಿನಗೆ ಹೇಳುತ್ತೇನೆ. ನಾನು ಮದುವೆಯಾಗದೆ ಉಳಿದದ್ದು ಆಸೆ ಇಲ್ಲದೆ ಅಲ್ಲ. 1983ರಲ್ಲಿ ಒಬ್ಬರು ಬಂದಿದ್ದರು, ಉಪ್ಪಿನಂಗಡಿ ಕಡೆಯವರು. ನನಗೆ ತುಂಬಾ ಇಷ್ಟವಾಗಿತ್ತು. ಅವರ ಮನೆಯವರು ನಮ್ಮ ಊರಿಗೆ ಬಂದು ಯಾರನ್ನೋ ವಿಚಾರಿಸಿದರಂತೆ, ಆ ಯಾರೋ ಸುಮ್ಮನಿದ್ದರಂತೆ. ಅಷ್ಟೇ. ಮತ್ತೆ ಸುದ್ದಿ ಬರಲಿಲ್ಲ. ಹುಡುಗಿಗೆ ಬಾಯಿ ಜಾಸ್ತಿ ಎಂದು ಆ ಮೌನಕ್ಕೆ ಅರ್ಥವೋ, ಅವರಿಗೆ ಹಲ್ಲುನೋವಿತ್ತೋ, ನನಗೆ ಇವತ್ತಿಗೂ ಗೊತ್ತಿಲ್ಲ. ಅಂಥ ನಾನೇ ಭವ್ಯಳಿಗೆ ಹೀಗೆ ಮಾಡಿದೆ.

ಇದರ ಜೊತೆ ಇನ್ನೊಂದು ಕಾಗದ ಇದೆ, ದಯಾನಂದನಿಗೆ. ಎಲ್ಲವನ್ನೂ ಬರೆದಿದ್ದೇನೆ, ನಿನಗೆ ಕೆಲಸ ಹಚ್ಚಿದ್ದನ್ನೂ. ನೀನು ಅಂಗಡಿಗೆ ಹೋಗಲು ಆದಾಗ ಕೈಯಲ್ಲೇ ಕೊಡು. ನನ್ನ ಪರ ಮಾತಾಡಬೇಡ. ತಪ್ಪು ನನ್ನದು, ಅದನ್ನು ಒಪ್ಪಿಕೊಳ್ಳುವುದು ಹೇಗೆಂದು ನಿನ್ನ ಎದುರಿನ ಅಂಗಡಿಯವನಿಂದ ಕಲಿತಿದ್ದೇನೆ.

ಮಾತ್ರೆ ಸರಿಯಾಗಿ ತೆಗೆದುಕೋ.

ನಿನ್ನ ಟೀಚರ್
ಪ್ರೇಮಾವತಿ


ಮೆಲ್ಕಾರ್
8 ಮಾರ್ಚ್ 2025

ಪ್ರೀತಿಯ ಟೀಚರಿಗೆ,

ರಂಜಾನ್ ಶುರುವಾಗಿದೆ. ಈ ವರ್ಷ ಉಪವಾಸ ಬೇಡವೆಂದು ಡಾಕ್ಟರ್ ಹೇಳಿದ್ದಾರೆ, ಮಸೀದಿಯ ಉಸ್ತಾದರೂ ಅದನ್ನೇ ಹೇಳಿದರು. ಮನೆಯವರೆಲ್ಲ ಹಸಿದಿರುವಾಗ ನಾನೊಬ್ಬನೇ ಗಂಜಿ ಕುಡಿಯುವುದು ನನಗೆ ಬಹಳ ದುಃಖದ ಸಂಗತಿ. ಅಂಗಡಿಗೆ ದಿನಕ್ಕೆ ಎರಡು ಗಂಟೆ ಹೋಗಬಹುದು. ಗುರುವಾರ ಹೋದೆ.

ದಯಾನಂದ ಆಗ ತಂತಿ ಸುತ್ತುತ್ತಿದ್ದ, ಬೆರಳೆತ್ತಿದ. ಮುಗಿಯುವವರೆಗೆ ನಿಂತೆ. ಕಾಗದ ಕೊಟ್ಟು ‘ಇದನ್ನು ಓದಿದ ಮೇಲೆ ನನಗೆ ಚಹಾ ಕೊಡಬೇಕಾಗಿಲ್ಲ’ ಎಂದೆ. ನಿಂತಲ್ಲೇ ಒಮ್ಮೆ ಓದಿದ. ಆಮೇಲೆ ಕೈ ತೊಳೆದು ಬಂದು ಮತ್ತೊಮ್ಮೆ ಓದಿದ.

ನನ್ನ ಮೇಲೆ ಸಿಟ್ಟು ಬರುತ್ತದೆಂದು ಕಾದೆ. ಅವನು ಹೇಳಿದ್ದು ಬೇರೆ. ‘ನನ್ನ ಕೈ ನೋಡಿ ಬೇಡ ಅಂದದ್ದು ಅಂತ ಗ್ರಹಿಸಿದ್ದೆ ರವೂಫಾಕ. ಡಿಗ್ರಿ ಇಲ್ಲ, ಕೈ ಕಪ್ಪು. ಎರಡು ವಾರದಿಂದ ಬ್ರಷ್ ಹಾಕಿ ತಿಕ್ತಾ ಇದ್ದೇನೆ.’ ಕೈ ತೋರಿಸಿದ. ಬೆರಳುಗಳ ಸಂದಿಯೆಲ್ಲ ಕೆಂಪಗೆ ಸುಲಿದಿತ್ತು. ಟೀಚರ್, ನನಗೆ ಅಳು ತಡೆಯಲಾಗಲಿಲ್ಲ. ಎದೆಗೆ ಒಳ್ಳೆಯದಲ್ಲ ಎಂದು ಅವನೇ ನನ್ನನ್ನು ಕುರ್ಚಿಯಲ್ಲಿ ಕೂರಿಸಿದ.

ಆಮೇಲೆ ಅವನ ಸರದಿ. ‘ಟೀಚರ್ ಎಂಥ ಜನ?’ ಎಂದು ಕೇಳಿದ. ನೀವು ಮಾತಾಡಬೇಡ ಎಂದು ಬರೆದಿದ್ದಿರಿ, ಕ್ಷಮಿಸಿ, ನಾನು ಅರ್ಧ ಗಂಟೆ ಮಾತಾಡಿದೆ. ಶುಲ್ಕ ಕಟ್ಟಲಾಗದೆ ಶಾಲೆ ಬಿಟ್ಟ ನನ್ನನ್ನು ಮನೆಗೆ ಬಂದು ಕಿವಿ ಹಿಡಿದು ಕರೆದುಕೊಂಡು ಹೋದದ್ದನ್ನೂ ಹೇಳಿದೆ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದೂ ಹೇಳಿದೆ. ಸುಳ್ಳು ಹೇಳಬಾರದಲ್ಲ.

‘ಭವ್ಯಶ್ರೀಯವರಿಗೆ ಎಂತ ಅಭಿಪ್ರಾಯ?’ ಎಂದು ಕೊನೆಗೆ ಕೇಳಿದ. ಗೊತ್ತಿಲ್ಲ ಎಂದೆ. ‘ನನಗೆ ಈಗಲೂ ಮನಸ್ಸುಂಟು. ಆದ್ರೆ ಅಮ್ಮನಿಗೆ ತುಂಬಾ ನೋವಾಗಿದೆ. ಅವರನ್ನು ದಾಟಿ ನಾನು ಬರುದಿಲ್ಲ’ ಎಂದ. ನಿಮ್ಮ ಕಾಗದವನ್ನು ತಾಯಿಗೆ ಓದಿ ಹೇಳುತ್ತಾನಂತೆ. ಅಲ್ಲಿಂದ ಮುಂದೆ ಏನೆಂದು ನನಗೂ ತಿಳಿಯದು.

ಸಂಜೆ ಚಹಾ ಬಂತು.

ನಿಮ್ಮ
ರವೂಫ್


ಮಡಂತ್ಯಾರು
17 ಮಾರ್ಚ್ 2025

ಪ್ರೀತಿಯ ರವೂಫ,

ಕುಳಿತುಕೊಂಡು ಓದು. ಗಾಬರಿಯ ವಿಷಯವಲ್ಲ, ಆದರೂ ಕುಳಿತುಕೋ.

ನಿನ್ನೆ ಭಾನುವಾರ ಹನ್ನೊಂದು ಗಂಟೆಗೆ ದಯಾನಂದನ ತಾಯಿ ಬಂದರು. ಒಬ್ಬರೇ, ಬಸ್ಸಿನಲ್ಲಿ, ಹೇಳದೆ ಕೇಳದೆ. ನಾನು ಅಂಗಳದಲ್ಲಿ ಮೆಣಸು ಹರವುತ್ತಿದ್ದೆ. ಮೆಟ್ಟಿಲಲ್ಲಿ ನಿಂತೇ ಶುರುಮಾಡಿದರು: ‘ಕೆಳಗೆ ಅಂಗಡಿಯಲ್ಲಿ ಅರ್ಧ ಗಂಟೆ ಕೂತು ನಿಮ್ಮ ಬಗ್ಗೆ ವಿಚಾರಿಸಿದೆ. ಮನಸ್ಸಲ್ಲಿ ಇಟ್ಟುಕೊಂಡು ವಾಪಸ್ ಹೋಗುದು ಯಾಕೆ, ನಿಮ್ಮ ಹತ್ರವೇ ಹೇಳಿ ಹೋಗುವ ಅಂತ ಬಂದೆ.’

ಚಾವಡಿಯಲ್ಲಿ ಕೂರಿಸಿ ನೀರು, ಬೆಲ್ಲ ಕೊಟ್ಟೆ. ಲೋಟ ಕೆಳಗಿಟ್ಟು ಹೇಳಿದರು: ‘ಟೀಚರಿಗೆ ಬಾಯಿ ಜಾಸ್ತಿ ಅಂತೆ. ಯಾರ ಮಾತೂ ಕೇಳುದಿಲ್ಲಂತೆ. ಕರೆಂಟಿನವರು ನಿಮ್ಮನ್ನು ಕಂಡ್ರೆ ಕಂಬದಿಂದ ಇಳಿಯುದಿಲ್ಲಂತೆ. ಹೌದಾ?’

‘ಹೌದು’ ಎಂದೆ.

‘ಹುಡುಗಿಯೂ ಹಾಗೆಯೇ ಅಂತೆ?’

‘ಅವಳದು ಇನ್ನೂ ಸ್ವಲ್ಪ ಜಾಸ್ತಿ.’

ಅವರು ನಗಲಿಲ್ಲ. ‘ನನ್ನ ಮಗನನ್ನು ಬೇಡ ಅಂದ್ರಿ. ಅವ ಕೈ ಸುಲಿದುಕೊಳ್ಳುದನ್ನು ನಾನು ದಿನಾ ನೋಡಿದೆ. ನನಗೆ ನಿಮ್ಮ ಮೇಲೆ ತುಂಬಾ ಕೋಪ ಉಂಟು’ ಎಂದರು. ನಾನು ಕೈ ಮುಗಿದೆ. ತಪ್ಪಾಯಿತು ಎಂದೆ. ಅರವತ್ತಾರು ವರ್ಷಗಳಲ್ಲಿ ಆ ಮಾತನ್ನು ನಾನು ಎಷ್ಟು ಸಲ ಹೇಳಿದ್ದೇನೆ ಎಂದು ನಿನಗೆ ಗೊತ್ತಿದೆ. ಆಮೇಲೆ ನನಗೆ ಅಳು ಬಂತು. ಬೈಸಿಕೊಂಡದ್ದಕ್ಕಲ್ಲ. ಒಬ್ಬ ಹೆಂಗಸು ಬಸ್ಸು ಹತ್ತಿ ಬಂದು, ಎದುರು ಕುಳಿತು, ಮುಖ ನೋಡಿ ಹೇಳಿದರಲ್ಲ ಎಂದು. ನನಗೆ ಇಪ್ಪತ್ನಾಲ್ಕಾಗಿದ್ದಾಗ ಯಾರಾದರೂ ಹೀಗೆ ಬಂದು ಕೇಳಿದ್ದರೆ, ಆಗಲೂ ನಾನು ಹೌದು ಎಂದೇ ಹೇಳುತ್ತಿದ್ದೆ. ಅವರಿಗೆ ಏನು ತೋಚಿತೋ, ಎದ್ದು ಬಂದು ನನ್ನ ಪಕ್ಕದಲ್ಲಿ ಕುಳಿತರು. ‘ಅಳಬೇಡಿ ಟೀಚರ್. ನಮ್ಮ ಮನೆಯಲ್ಲಿ ಮಾತಾಡುವವರೇ ಇಲ್ಲ. ಮಗ ಮೋಟಾರಿನ ಹತ್ರ ಮಾತ್ರ ಮಾತಾಡುದು’ ಎಂದರು.

ಅಷ್ಟರಲ್ಲಿ ಭವ್ಯ ಚಹಾ ತಂದಳು. ತಟ್ಟೆ ಇಟ್ಟು ಒಳಗೆ ಹೋಗಲಿಲ್ಲ. ಅವರ ಎದುರು ಕುರ್ಚಿ ಎಳೆದುಕೊಂಡು ಕುಳಿತಳು. ‘ಅಮ್ಮ, ಅವತ್ತು ನಾನು ಆಗಬಹುದು ಅಂತ ಹೇಳಿದ್ದೆ. ಈಗ ಹಾಗೆ ಹೇಳುದಿಲ್ಲ. ನನಗೆ ಅವರೇ ಬೇಕು’ ಎಂದಳು.

ಅವರು ನನ್ನ ಕಡೆ ತಿರುಗಿ, ‘ಟೀಚರ್, ನೀವು ಎಂತ ಹೇಳ್ತೀರಿ?’ ಎಂದು ಕೇಳಿದರು. ನಾನು ಬಾಯಿ ತೆರೆದೆ.

‘ದೊಡ್ಡಮ್ಮನನ್ನು ಕೇಳಬೇಡಿ’ ಎಂದಳು ಭವ್ಯ. ‘ಅವರು ಮತ್ತೆ ಯಾರಿಗಾದ್ರೂ ಕಾಗದ ಬರೀತಾರೆ.’

ಮೊದಲು ಅವರು ನಕ್ಕರು, ಆಮೇಲೆ ನಾನು. ಭವ್ಯ ಮಾತ್ರ ನಗದೆ ಅವರ ಉತ್ತರಕ್ಕೆ ಕಾದು ಕುಳಿತಿದ್ದಳು. ಅವರು ಅವಳ ಕೈ ಹಿಡಿದು ‘ಮೇ ತಿಂಗಳಲ್ಲಿ ಆಗ್ತದಾ?’ ಎಂದು ಅವಳನ್ನೇ ಕೇಳಿದರು.

ನಿನ್ನ ಟೀಚರ್
ಪ್ರೇಮಾವತಿ